ಕಮಾನು ಒಂದು ಕಡೆ, ಕಿಟಕಿ ಇನ್ನೊಂದು ಕಡೆ: ಸಿಮ್ಯುಲೇಟರ್‌ನಲ್ಲಿ ಹಳೇ ಏರ್ ಇಂಡಿಯಾ ಬಣ್ಣ ಯಾಕೆ ಸರಿಯಾಗಿ ಕೂರುವುದಿಲ್ಲ?

ಪ್ರಶ್ನೆ: "ಅಣ್ಣಾ, ನಾವು ಡೊಂಬಿವಲಿಯಲ್ಲಿದ್ದೇವೆ. ಅಪ್ಪನಿಗೆ ಹಳೇ ಏರ್ ಇಂಡಿಯಾ ಅಂದ್ರೆ ಪ್ರಾಣ. ಕಿಟಕಿಗಳಿಗೆ ಕೆಂಪು ಕಮಾನು ಇರುತ್ತಿತ್ತಲ್ಲ, ಆ ಲಿವರಿಯನ್ನು, ಅಂದ್ರೆ ಕಂಪನಿಯ ವಿಮಾನದ ಬಣ್ಣದ ವಿನ್ಯಾಸವನ್ನು, ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಅವರಿಗೆ ತೋರಿಸೋಣ ಅಂತ ಇಳಿಸಿಕೊಂಡೆ. ಬೋಯಿಂಗ್ 747-8ರ ಮೇಲೆ ಹಾಕಿದರೆ ಕಮಾನು ಒಂದು ಕಡೆ, ಕಿಟಕಿ ಇನ್ನೊಂದು ಕಡೆ. ಬೇರೆ 747ಕ್ಕೆ ಹಾಕಿದರೆ ವಿಮಾನ ಪೂರ್ತಿ ಬಿಳಿ. ಫೈಲ್ ಕೆಟ್ಟಿದೆಯಾ?"

ಫೈಲ್ ಕೆಟ್ಟಿಲ್ಲ. ಅಳತೆ ಬೇರೆ, ಅಷ್ಟೇ.

ಅಕ್ಕನ ಅಳತೆಗೆ ಹೊಲಿದ ರವಿಕೆ ತಂಗಿಗೆ ಕೂರುವುದಿಲ್ಲ, ಅಲ್ವಾ? ಲಿವರಿಯೂ ಹಾಗೇ. ಸಿಮ್‌ನಲ್ಲಿ, ಅಂದರೆ ಸಿಮ್ಯುಲೇಟರ್‌ನಲ್ಲಿ, ವಿಮಾನದ ಮೇಲೆ ಕಾಣುವ ಬಣ್ಣ ನಿಜವಾಗಿ ಒಂದಷ್ಟು ಚಪ್ಪಟೆ ಚಿತ್ರಗಳು. ಟೈಲರ್ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ ತೋಳು, ಬೆನ್ನು, ಎದೆ ಅಂತ ತುಂಡು ತುಂಡಾಗಿ ಕತ್ತರಿಸುತ್ತಾನಲ್ಲ, ಹಾಗೆ ವಿಮಾನದ ಮಾಡೆಲ್ ಮಾಡಿದವರು ಅದರ ಮೈಯನ್ನು ಬಿಡಿಸಿ ಚೌಕದ ಚಿತ್ರದಲ್ಲಿ ಹಾಸಿರುತ್ತಾರೆ. ಇದಕ್ಕೆ ಯುವಿ ಮ್ಯಾಪ್ ಅನ್ನುತ್ತಾರೆ. ಬಾಲ ಯಾವ ಮೂಲೆಗೆ, ಮೂತಿ ಯಾವ ಮೂಲೆಗೆ ಅನ್ನುವುದು ಆ ಮಾಡೆಲ್ ಮಾಡಿದವರ ಲೆಕ್ಕ. ಇಬ್ಬರು ಬೇರೆ ಬೇರೆಯಾಗಿ 747-400 ಮಾಡಿದರೆ ಎರಡರ ಹಾಸೂ ಬೇರೆ ಬೇರೆಯೇ. ಒಂದರ ಚಿತ್ರವನ್ನು ಹಾಗೇ ಇನ್ನೊಂದಕ್ಕೆ ಹಾಕಿದರೆ ಬಾಲದ ಬಣ್ಣ ರೆಕ್ಕೆಗೆ ಹೋಗುತ್ತದೆ, ಹೆಸರು ಹೊಟ್ಟೆಯ ಕೆಳಗೆ ಬರುತ್ತದೆ.

ನಿಮ್ಮದರಲ್ಲಿ ಅಷ್ಟು ಕಲಸಿಹೋಗಿಲ್ಲ, ಕಮಾನು ಮಾತ್ರ ಜಾರಿದೆ. ಹಾಗಾದರೆ ಯಾರೋ 747-200 ಇಲ್ಲವೇ 747-400ಕ್ಕೆ ಬರೆದ ಚಿತ್ರವನ್ನು 747-8ರ ಉದ್ದಕ್ಕೆ ಎಳೆದು ಕೂರಿಸಿರಬೇಕು. ಇಲ್ಲಿ ಲೆಕ್ಕ ನೋಡಿ, ನನಗೆ ಇದು ತುಂಬ ಇಷ್ಟ. 747-200 ಮತ್ತು 747-400 ಎರಡೂ ಸುಮಾರು 70.7 ಮೀಟರ್ ಉದ್ದ. 747-8 ಸುಮಾರು 76.3 ಮೀಟರ್. 747ರಲ್ಲಿ ಒಂದು ಕಿಟಕಿಯ ನಡುವಿನಿಂದ ಮುಂದಿನ ಕಿಟಕಿಯ ನಡುವಿಗೆ 20 ಇಂಚು, ಅಂದರೆ ಸುಮಾರು 51 ಸೆಂಟಿಮೀಟರ್. ವಿಮಾನ ಉದ್ದವಾದಾಗ ಈ ಅಂತರ ಬದಲಾಗಲಿಲ್ಲ. ನಡುವೆ ಹೊಸ ತುಂಡು ಸೇರಿಸಿ, ಸುಮಾರು 11 ಕಿಟಕಿಗಳ ಜಾಗ ಹೆಚ್ಚಿಸಿದರು. ಆದರೆ ಚಿತ್ರವನ್ನು ಎಳೆದಾಗ ಪ್ರತಿ ಕಮಾನೂ ಅಗಲವಾಗುತ್ತದೆ. ಕಮಾನಿನಿಂದ ಕಮಾನಿಗೆ 51ರ ಬದಲು 55 ಸೆಂಟಿಮೀಟರ್ ಆಗುತ್ತದೆ. ಮೊದಲ ಕಿಟಕಿಗೆ ಸರಿಯಾಗಿ ಕೂತ ಕಮಾನು, ಆರು ಕಿಟಕಿ ದಾಟುವಷ್ಟರಲ್ಲಿ ಎರಡು ಕಿಟಕಿಗಳ ನಡುವೆ ಬಂದು ನಿಲ್ಲುತ್ತದೆ. ನೀವು ನೋಡಿದ್ದು ಇದನ್ನೇ.

ಏರ್‌ಬಸ್ ಎ320ಗೆ ಹಾಕಿದರೂ ಇದೇ ಕಥೆ. ಅಲ್ಲಿ ಅಂತರ 21 ಇಂಚು. ಒಂದೇ ಇಂಚು ವ್ಯತ್ಯಾಸ ಅನ್ನಿಸಬಹುದು. 747ರ ಅಳತೆಯ ಕಮಾನು ಹಾಗೇ ತಂದಿಟ್ಟರೆ ಹತ್ತನೇ ಕಿಟಕಿ ಬರುವಾಗ ಅರ್ಧ ಜಾರಿರುತ್ತದೆ, ಇಪ್ಪತ್ತಕ್ಕೆ ಪೂರ್ತಿ ಒಂದು ಕಿಟಕಿ ಹಿಂದೆ ಬಿದ್ದಿರುತ್ತದೆ.

ಬೇರೆ ಎಷ್ಟೋ ಹಳೇ ಲಿವರಿಗಳಲ್ಲಿ ಈ ತೊಂದರೆ ಕಣ್ಣಿಗೆ ಬೀಳುವುದೇ ಇಲ್ಲ. ಕಿಟಕಿಯ ಸಾಲಿನ ಮೇಲೆ ಉದ್ದಕ್ಕೆ ಒಂದು ಪಟ್ಟಿ ಎಳೆದಿದ್ದರೆ ಅದನ್ನು ಎಷ್ಟು ಎಳೆದರೂ ಪಟ್ಟಿಯೇ. 1965ರಲ್ಲಿ ಅಮೆರಿಕದ ಬ್ರ್ಯಾನಿಫ್ ಕಂಪನಿ ಮೈತುಂಬ ಒಂದೇ ಗಾಢ ಬಣ್ಣ ಬಳಿದು ವಿಮಾನ ಹಾರಿಸಿತು. ನಮ್ಮ ಮುಂಬೈಯ ಗೋಏರ್ ಕೂಡ ಶುರುವಿನಲ್ಲಿ ಒಂದೊಂದು ವಿಮಾನಕ್ಕೆ ಒಂದೊಂದು ಬಣ್ಣ ಕೊಟ್ಟಿತ್ತು. ಅಂಥವನ್ನು ಸಿಮ್‌ನಲ್ಲಿ ಬರೆಯುವುದು ಸುಲಭ. ಏರ್ ಇಂಡಿಯಾದ ಕಮಾನು ಹಾಗಲ್ಲ. ಅದು ಕಿಟಕಿಗೆಂದೇ ಹುಟ್ಟಿದ್ದು.

1971ರಲ್ಲಿ ಏರ್ ಇಂಡಿಯಾಗೆ ಮೊದಲ 747 ಬಂತು. ಹೆಸರು ಎಂಪರರ್ ಅಶೋಕ. ಆಕಾಶದಲ್ಲಿ ನಿಮ್ಮ ಅರಮನೆ ಅಂತ ಜಾಹೀರಾತು ಮಾಡಿದರು. ಮಾತಿಗೆ ತಕ್ಕ ಹಾಗೆ ಪ್ರತಿ ಕಿಟಕಿಯನ್ನೂ ರಾಜಸ್ಥಾನದ ಅರಮನೆಯ ಝರೋಕಾ, ಅಂದರೆ ಕಮಾನಿನ ಕಿಟಕಿ, ಮಾಡಿದರು. ಮುಂದೆ ಬಂದ ವಿಮಾನಗಳಿಗೂ ರಾಜರ ಹೆಸರುಗಳೇ. ಒಂದಕ್ಕೆ ನಮ್ಮ ಕೃಷ್ಣದೇವರಾಯನ ಹೆಸರಿತ್ತು. 1989ರಲ್ಲಿ ಕಮಾನು ತೆಗೆದು, ಕೆಂಪು ಬಾಲದ ಮೇಲೆ ಚಿನ್ನದ ಸೂರ್ಯನನ್ನು ಇಟ್ಟು ಹೊಸ ಬಣ್ಣ ತಂದರು. ಜನಕ್ಕೆ ಅದು ಹಿಡಿಸಲಿಲ್ಲ, ಕಮಾನು ವಾಪಸ್ ಬಂತು. ನಿಮ್ಮ ಅಪ್ಪನಂಥವರು ಎಷ್ಟು ಜನ ಇದ್ದರು ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ.

ನಾನು ಬೆಳೆದದ್ದು ಮುಂಬೈಯ ಘಾಟ್‌ಕೋಪರ್‌ನ ಅಸಲ್ಫಾದಲ್ಲಿ. ಮುಂಬೈ ವಿಮಾನ ನಿಲ್ದಾಣದ ರನ್‌ವೇ 27ಕ್ಕೆ ಇಳಿಯುವ ವಿಮಾನಗಳು ನಮ್ಮ ತಲೆ ಮೇಲೇ ಹೋಗುತ್ತಿದ್ದವು. ಟೆರೇಸಿನಲ್ಲಿ ಅಮ್ಮ ಹಪ್ಪಳ ಒಣಗಿಸಲು ಹಾಕಿ ನನ್ನನ್ನು ಕಾಗೆ ಕಾಯಲು ಕೂರಿಸುತ್ತಿದ್ದಳು. ಜಂಬೋ, ಅಂದರೆ 747, ಬಂದಾಗ ಕಾಗೆ ಮರೆತು ಕಮಾನು ಎಣಿಸುತ್ತಿದ್ದೆ. ಯಾವತ್ತೂ ಪೂರ್ತಿ ಎಣಿಸಲು ಆಗಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಜಾರಿದ ಕಮಾನಿನ ವಿಮಾನವನ್ನು ಅಪ್ಪನಿಗೆ ತೋರಿಸಬೇಡಿ. ಅದನ್ನು ಕಣ್ಣಾರೆ ಕಂಡವರಿಗೆ ತಕ್ಷಣ ಗೊತ್ತಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಮೊದಲು ಸರಿಯಾದ ವಿಮಾನ ಆರಿಸಿ. ಏರ್ ಇಂಡಿಯಾ 747-8 ಇಟ್ಟುಕೊಂಡಿರಲೇ ಇಲ್ಲ. ಅದರ ಹತ್ತಿರ ಇದ್ದದ್ದು 200, 300 ಮತ್ತು 400. 200ರ ಮೇಲಂತಸ್ತಿನ ಗೂನು ಚಿಕ್ಕದು. 300 ಮತ್ತು 400ರಲ್ಲಿ ಉದ್ದ. 400ರ ರೆಕ್ಕೆಯ ತುದಿ ಮೇಲಕ್ಕೆ ಮಡಚಿದೆ. 747-8ರ ಎಂಜಿನ್ ಹಿಂಭಾಗಕ್ಕೆ ಗರಗಸದ ಹಲ್ಲಿನಂಥ ಅಂಚಿದೆ. ಆ ಹಲ್ಲುಗಳ ಪಕ್ಕದಲ್ಲಿ 1971ರ ಬಣ್ಣ ನನ್ನ ಕಣ್ಣಿಗಂತೂ ಒಗ್ಗುವುದಿಲ್ಲ. ಅಪ್ಪ ನೋಡಿದ್ದು ಎಪ್ಪತ್ತರ ದಶಕದಲ್ಲಾದರೆ 200 ಹುಡುಕಿ, ತೊಂಬತ್ತರ ಕೊನೆಯಲ್ಲಾದರೆ 400.

ಹೊಸ ವಿಮಾನಕ್ಕೆ ಹಳೇ ಬಣ್ಣ ಹಾಕುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಿಜವಾದ ಕಂಪನಿಗಳೇ ಹಾಗೆ ಮಾಡಿವೆ. ಲುಫ್ಟಾನ್ಸಾ ತನ್ನ ಹಳೇ ಬಣ್ಣವನ್ನು 747-8ಕ್ಕೇ ಬಳಿದಿದೆ. 2018ರಲ್ಲಿ ವಿಸ್ತಾರಾ ಒಂದು ಎ320ನಿಯೋಗೆ ಟಾಟಾ ಏರ್‌ಲೈನ್ಸ್ ಕಾಲದ ಬಣ್ಣ ಕೊಟ್ಟಿತ್ತು. ಆದರೆ ಅವರು ಹೊಸ ಮೈಗೆ ಹೊಸದಾಗಿ ಅಳತೆ ತೆಗೆದು ಬಳಿದರು. ನೀವೂ 747-8ರ ಮೇಲೇ ಬೇಕು ಅಂದರೆ ಆ ಮಾಡೆಲ್‌ನ ಪೇಂಟ್ ಕಿಟ್ ಇಳಿಸಿಕೊಳ್ಳಿ. ಅದರಲ್ಲಿ ಕಿಟಕಿ, ಬಾಗಿಲು, ಗೆರೆಗಳೆಲ್ಲ ಪದರ ಪದರವಾಗಿ ಇರುತ್ತವೆ. ಗಿಂಪ್ ಅನ್ನುವ ಚಿತ್ರ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಒಂದೇ ಒಂದು ಕಮಾನು ಚೆನ್ನಾಗಿ ಬರೆದು, ಒಂದೊಂದೇ ಕಿಟಕಿಯ ಮೇಲೆ ನಕಲು ಇಡುತ್ತಾ ಹೋಗಿ. ಎಳೆಯಬೇಡಿ. ಬಾಗಿಲು ಬಂದ ಕಡೆ ನಿಲ್ಲಿಸಿ, ಮುಂದಿನ ಕಿಟಕಿಯಿಂದ ಮತ್ತೆ ಶುರು ಮಾಡಿ. ಎರಡು ಸಂಜೆಯ ಕೆಲಸ.

ಎಡಕ್ಕೂ ಬಲಕ್ಕೂ ಒಂದೇ ಚಿತ್ರವನ್ನು ತಿರುಗಿಸಿ ಬಳಸುವ ಹಳೇ ಮಾಡೆಲ್‌ಗಳಿವೆ. ಅವು ನಿಮಗೆ ಬೇಡ. ಏರ್ ಇಂಡಿಯಾದ ಹೆಸರು ಒಂದು ಮಗ್ಗುಲಲ್ಲಿ ಇಂಗ್ಲಿಷ್‌ನಲ್ಲಿ, ಇನ್ನೊಂದು ಮಗ್ಗುಲಲ್ಲಿ ಹಿಂದಿಯಲ್ಲಿ ಇರುತ್ತಿತ್ತು. ಎರಡು ಮಗ್ಗುಲಿಗೂ ಬೇರೆ ಚಿತ್ರ ಬೇಕೇ ಬೇಕು.

ಹೊಟ್ಟೆಯ ಭಾಗವನ್ನೂ ನೋಡಿ. ಆ ಕಾಲದ ಎಷ್ಟೋ ವಿಮಾನಗಳ ಹೊಟ್ಟೆಗೆ ಬಣ್ಣವೇ ಇರುತ್ತಿರಲಿಲ್ಲ, ಬರೀ ಹೊಳೆಯುವ ಅಲ್ಯೂಮಿನಿಯಂ. ಈಗಿನ ಸಿಮ್‌ಗಳಲ್ಲಿ ಬಣ್ಣದ ಚಿತ್ರದ ಜೊತೆ ಇನ್ನೊಂದು ಚಿತ್ರ ಇರುತ್ತದೆ. ಯಾವ ಜಾಗ ಲೋಹ, ಯಾವ ಜಾಗ ನುಣುಪು, ಎಲ್ಲಿ ಒರಟು ಅಂತ ಅದು ಹೇಳುತ್ತದೆ. ಅದನ್ನು ಬದಲಿಸದೆ ಸುಮ್ನೆ ಬೂದು ಬಣ್ಣ ಬಳಿದರೆ ಹೊಟ್ಟೆ ಪ್ಲಾಸ್ಟಿಕ್ ಬಕೆಟ್‌ನಂತೆ ಕಾಣುತ್ತದೆ. ಸರಿಯಾಗಿ ಮಾಡಿದರೆ ಅದರಲ್ಲಿ ರನ್‌ವೇಯ ಬೆಳಕು ಮಿಂಚುತ್ತದೆ.

ಇನ್ನು ಪೂರ್ತಿ ಬಿಳಿಯಾದ ವಿಮಾನ. ಸಿಮ್‌ಗೆ ನಿಮ್ಮ ಚಿತ್ರ ಸಿಗಲಿಲ್ಲ, ಅದಕ್ಕೆ ಮಾಡೆಲ್‌ನ ಮೂಲ ಬಿಳಿ ಚಿತ್ರವನ್ನೇ ತೋರಿಸಿದೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ರಲ್ಲಾದರೆ ಇಳಿಸಿಕೊಂಡ ಲಿವರಿಗಳನ್ನು ಹಾಕುವ ಕಮ್ಯುನಿಟಿ ಫೋಲ್ಡರ್ ತೆರೆದು ನೋಡಿ. ಝಿಪ್ ಬಿಚ್ಚುವಾಗ ಫೋಲ್ಡರ್ ಒಳಗೆ ಫೋಲ್ಡರ್ ಆಗಿರುವುದೇ ಜಾಸ್ತಿ. ಒಳಗಿನದನ್ನು ಹೊರಗೆ ತನ್ನಿ. ಚಿತ್ರ ಬದಲಿಸಿದ ಮೇಲೆ ಲೇಔಟ್ ಡಾಟ್ ಜೇಸನ್ ಫೈಲನ್ನು ಹೊಸದಾಗಿ ಮಾಡಿಕೊಳ್ಳಬೇಕು, ಅದರಲ್ಲಿ ಪಟ್ಟಿಯಾಗದ ಫೈಲನ್ನು ಸಿಮ್ ಓದುವುದಿಲ್ಲ. ಲಿವರಿ ಯಾವ ಮಾಡೆಲ್‌ಗೆ ಅಂತ ಬರೆದಿದೆಯೋ ಅದೇ ನಿಮ್ಮಲ್ಲಿರಬೇಕು. ಸಿಮ್ಯುಲೇಟರ್ 2020ಕ್ಕೆ ಮಾಡಿದ್ದು ಸಿಮ್ಯುಲೇಟರ್ 2024ರ ಹೊಸ ರಚನೆಯ ವಿಮಾನಕ್ಕೆ ನೇರವಾಗಿ ಕೂರುವುದಿಲ್ಲ, ಅದೂ ನೆನಪಿರಲಿ.

ಎಲ್ಲ ಸರಿಯಾದ ಮೇಲೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮುಂಬೈಗೇ ಇಳಿಸಿ. ಬೆಳಗ್ಗೆ ಎಂಟರ ಹೊತ್ತು ಇಡಿ, ಸೂರ್ಯ ಹಿಂದಿನಿಂದ ಬರುತ್ತಾನೆ. ಪೂರ್ವದ ಕಡೆಯಿಂದ ರನ್‌ವೇ 27ಕ್ಕೆ ಬನ್ನಿ. ಘಾಟ್‌ಕೋಪರ್ ಗುಡ್ಡ ಬಂದಾಗ ಹೊರಗಿನ ಕ್ಯಾಮೆರಾ ಹಾಕಿ, ವಿಮಾನದ ಮಗ್ಗುಲಿಗೆ ಹೋಗಿ ಪಾಝ್ ಒತ್ತಿ ನಿಲ್ಲಿಸಿ. ಈಗ ಕಮಾನುಗಳನ್ನು ಮೂತಿಯಿಂದ ಬಾಲದವರೆಗೆ ಇಬ್ಬರೂ ಎಣಿಸಿ. ಎಷ್ಟಾಯಿತು ಅಂತ ನನಗೂ ಬರೆಯಿರಿ.