ಕಾಲಿಂದ ತೆಗೆಯೋದು ನರ ಅಲ್ಲ

ಈ ವಾರ ಮತ್ತೆ ಅದೇ ವಾಟ್ಸಾಪ್ ಫಾರ್ವರ್ಡ್, "ಹಾರ್ಟಿನ ನರ ಬ್ಲಾಕ್ ಆದ್ರೆ ಕಾಲಿನ ನರ ತೆಗೆದು ಜೋಡಿಸ್ತಾರೆ" ಅಂತ. ಬ್ಲಾಕ್ ಆಗೋದು ರಕ್ತನಾಳ, ತೆಗೆಯೋದೂ ರಕ್ತನಾಳ. ಇದ್ರಲ್ಲಿ ನರ ಎಲ್ಲಿಂದ ಬಂತು?

ಒಂದು ಪದಕ್ಕೆ ಇಷ್ಟು ಹಠ ಯಾಕೆ ಅಂದ್ರೆ, ಮಂಡ್ಯ ಹತ್ರ ಹಳ್ಳೀಲಿರೋ ನಮ್ಮ ದೊಡ್ಡಪ್ಪ ಇದಕ್ಕೇ ಹೆದರಿ ಎರಡು ತಿಂಗಳು ಬೈಪಾಸ್‌ಗೆ ಒಪ್ಪಲಿಲ್ಲ. "ಕಾಲ್ ನರನೇ ಕಿತ್ಬುಟ್ರೆ ಗದ್ದೆಗಿಳಿಯಕಾದದಾ ಮಗ?" ಪಕ್ಕದ ಮನೇಲಿ ಲಕ್ವ ಹೊಡೆದವರಿಗೂ ಊರೋರು "ನರ ಸತ್ತೋಯ್ತು" ಅಂತಾನೇ ಹೇಳ್ತಿದ್ರು, ಅದನ್ನ ಕೇಳ್ಕೊಂಡು ಬಂದವರು ಇನ್ನೇನು ತಿಳ್ಕೋತಾರೆ.

ನರ ಅನ್ನೋದು ದ್ರಾವಿಡ ಪದ, ತಮಿಳಿನ ನರಂಬು, ತೆಲುಗಿನ ನರಮು ಎಲ್ಲಾ ಒಂದೇ ಬಳ್ಳಿ. ನರಮನುಷ್ಯ ಅನ್ನೋವಾಗಿನ ಸಂಸ್ಕೃತದ ನರನಿಗೂ ಇದಕ್ಕೂ ಸಂಬಂಧ ಇಲ್ಲ. ತಮಿಳಲ್ಲಿ ಯಾಳ್ ವಾದ್ಯದ ತಂತಿಗೂ ನರಂಬು ಅಂತಾರೆ, ಅಂದ್ರೆ ದಾರದ ಥರ ಬಿಗಿಯಾಗಿ ಕಾಣೋದೆಲ್ಲಾ ನರವೇ, ಚರ್ಮದ ಕೆಳಗೆ ನೀಲಿಯಾಗಿ ಉಬ್ಬಿದ್ದೂ, ಹಿಮ್ಮಡಿ ಮೇಲೆ ಸೆಟೆದಿರೋದೂ. ಗ್ರೀಕಿನ ನ್ಯೂರಾನ್‌ಗೂ ಮೊದಲು ಇದ್ದ ಅರ್ಥ ಬಿಲ್ಲಿನ ಹೆದೆ, ಮಾಂಸವನ್ನ ಮೂಳೆಗೆ ಕಟ್ಟೋ ಹುರಿ. ಸ್ನಾಯುವಿನ ಕಥೆ ಇನ್ನೂ ಗೋಜಲು, ನಮಗೆ ಅದು ಮಾಂಸಖಂಡ, ಬಂಗಾಳಿಯವರಿಗೆ ನರ. ಹಾಗಾಗಿ ಡ್ರಿಪ್ ಹಾಕೋವಾಗ ನರ್ಸಮ್ಮ "ನರ ಸಿಗ್ತಿಲ್ಲ" ಅಂದ್ರೆ ನಾನು ಜಗಳಕ್ಕೆ ಹೋಗಲ್ಲ. ಆಪರೇಷನ್ ವಿಷಯ ಬರೆಯೋರು ಹಾಗೆ ಬರೆಯಬಾರದು.

ರಕ್ತನಾಳ ಅಂದ್ರೆ ಟೊಳ್ಳು ಕೊಳವೆ, ರಕ್ತ ಹರಿಯೋದು. ನರ ಅಂದ್ರೆ ಎಳೆಗಳ ಕಟ್ಟು, ಅದರಲ್ಲಿ ಹೋಗೋದು ಸಂದೇಶ. 1967ರಲ್ಲಿ ಅರ್ಜೆಂಟೀನಾದ ಸರ್ಜನ್ ರೆನೆ ಫವಲೋರೊ ಬೈಪಾಸ್‌ಗೆ ಬಳಸಿದ್ದು ಕಾಲಿನ ಒಳಮಗ್ಗುಲಲ್ಲಿ ತೊಡೆವರೆಗೂ ಹೋಗೋ ಅಭಿಧಮನಿ, ಅಂದ್ರೆ ರಕ್ತವನ್ನ ಹೃದಯಕ್ಕೆ ವಾಪಸ್ ಒಯ್ಯೋ ನಾಳ. ಅದರೊಳಗೆ ರಕ್ತ ವಾಪಸ್ ಇಳೀದಂಗೆ ಪುಟ್ಟ ಪುಟ್ಟ ಕವಾಟ ಇರುತ್ತೆ, ಅದಕ್ಕೇ ಸಾಮಾನ್ಯವಾಗಿ ತಲೆಕೆಳಗು ಮಾಡಿ ಹೊಲೀತಾರೆ, ಇಲ್ಲಾಂದ್ರೆ ಕವಾಟಗಳೇ ರಕ್ತಕ್ಕೆ ಅಡ್ಡ ನಿಲ್ತವೆ. ಕಾಲಿನ ರಕ್ತ ಬಹುಪಾಲು ಆಳದ ನಾಳಗಳಲ್ಲೇ ಮೇಲೆ ಹೋಗೋದ್ರಿಂದ ಇದನ್ನ ತೆಗೆದ್ರೂ ಕಾಲು ನಡೆಯುತ್ತೆ. ಅದೇ ವರ್ಷ ಡಿಸೆಂಬರಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಹೃದಯ ಕಸಿ ಮಾಡಿದ್ರು, ಕಸೀಲಿ ರಕ್ತನಾಳ ಹೊಲೀತಾರೆ, ಕಡಿದ ನರಗಳನ್ನ ಹೊಲಿಯೋದೇ ಇಲ್ಲ, ಆದ್ರೂ ಹೃದಯ ತನ್ನ ಪಾಡಿಗೆ ಬಡ್ಕೊಳುತ್ತೆ.

ಎದೆ ಆಪರೇಷನ್‌ನಲ್ಲಿ ನಿಜವಾದ ನರದ ಭಯವೂ ಇದೆ. ಕುತ್ತಿಗೆಯಿಂದ ಇಳಿದು ಹೃದಯದ ಚೀಲದ ಪಕ್ಕದಲ್ಲೇ ವಪೆಗೆ (ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರಾಡಿಸೋ ಮಾಂಸಖಂಡದ ಪರದೆಗೆ) ಹೋಗೋ ಫ್ರೆನಿಕ್ ನರಕ್ಕೆ ಪೆಟ್ಟಾದ್ರೆ ಆ ಕಡೆ ವಪೆ ಮೇಲೇರಿ ಕೂತು ಉಸಿರಾಟಕ್ಕೆ ತೊಂದ್ರೆ ಆಗಬಹುದು. ಡಾಕ್ಟ್ರು ಅಂಥಾ ಹೊತ್ತಲ್ಲಿ ನರ ಅಂದ್ರೆ ಮನೆಯೋರಿಗೆ ನರ ಅಂತಾನೇ ಅರ್ಥ ಆಗಬೇಕು.

ದೊಡ್ಡಪ್ಪ ಕೊನೆಗೆ ಮೈಸೂರಲ್ಲಿ ಆಪರೇಷನ್ ಮಾಡಿಸ್ಕೊಂಡ್ರು, ಈ ಸಲ ನಾಟಿಗೂ ಇಳಿದ್ರು. ಕಾಲಿನ ಹರಡು ಹತ್ರ ಒಳಗಡೆ ಅಂಗೈ ಅಗಲ ಜೋಮು ಉಳಿದಿದೆ, ಕೆಸರು ತಾಗಿದ್ದು ಅಲ್ಲಿ ಮಾತ್ರ ಗೊತ್ತಾಗಲ್ವಂತೆ. ತೆಗೆದ ನಾಳಕ್ಕೆ ಅಂಟ್ಕೊಂಡೇ ಒಂದು ಸಣ್ಣ ನರ ಹೋಗುತ್ತೆ, ಸ್ಪರ್ಶ ತಿಳಿಸೋದಷ್ಟೇ ಅದರ ಕೆಲಸ, ನಾಳ ಬಿಡಿಸೋವಾಗ ಅದಕ್ಕೆ ಎಷ್ಟೋ ಜನಕ್ಕೆ ಪೆಟ್ಟಾಗುತ್ತೆ. ಅದು ನರ.