ಡಿಕ್ಕಿಗೆ ಮುಂಚಿನ ಎರಡು ಸೆಕೆಂಡು

ಸೀಟ್ ಬೆಲ್ಟ್ ಮತ್ತು ಏರ್‌ಬ್ಯಾಗ್ ಡಿಕ್ಕಿಯಾದ ಮೇಲೆ ಜೀವ ಉಳಿಸುತ್ತವೆ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ), ಇಎಸ್‌ಸಿ (ಕಾರು ಅಡ್ಡ ಜಾರದಂತೆ ಹಿಡಿಯುವ ವ್ಯವಸ್ಥೆ) ಮತ್ತು ಸ್ವಯಂಚಾಲಿತ ತುರ್ತು ಬ್ರೇಕ್ ಡಿಕ್ಕಿಯೇ ಆಗದಂತೆ ನೋಡಿಕೊಳ್ಳಲು ಇರುವಂಥವು. ಈ ಟಿಪ್ಪಣಿ ಎರಡನೆಯ ಗುಂಪಿನದು. ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ, ಪ್ರತಿಯೊಂದು ವ್ಯವಸ್ಥೆ ಚಾಲಕನಿಗೆ ಎಷ್ಟು ಸಮಯ ಉಳಿಸಿಕೊಡುತ್ತದೆ ಎಂದು ಕೇಳಿಕೊಂಡರೆ ವಿಷಯ ಬೇಗ ತಿಳಿಯುತ್ತದೆ ಎಂಬುದು ನನ್ನ ಅನುಭವ.

ಮೊದಲು ಲೆಕ್ಕ. ಗಂಟೆಗೆ 72 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 20 ಮೀಟರ್. ಮುಂದೆ 40 ಮೀಟರ್ ದೂರದಲ್ಲಿ ವಾಹನವೊಂದು ನಿಂತಿದೆ ಎಂದುಕೊಳ್ಳೋಣ. ದೂರವನ್ನು ವೇಗದಿಂದ ಭಾಗಿಸಿದರೆ ಡಿಕ್ಕಿಗೆ ಉಳಿದಿರುವುದು 2 ಸೆಕೆಂಡು. ಕಂಡದ್ದು ಮನಸ್ಸಿಗೆ ತಟ್ಟಿ ಕಾಲು ಬ್ರೇಕಿನ ಮೇಲೆ ಹೋಗುವುದಕ್ಕೆ ಒಂದೂವರೆ ಸೆಕೆಂಡು ಹಿಡಿದರೆ ಅಷ್ಟರಲ್ಲಿ 30 ಮೀಟರ್ ಮುಗಿದುಹೋಗಿರುತ್ತದೆ. ಒಣ ಡಾಂಬರಿನ ಮೇಲೆ ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 7 ಮೀಟರ್‌ನಷ್ಟು ತಗ್ಗಿದರೂ ಉಳಿದ 10 ಮೀಟರ್‌ನಲ್ಲಿ ಕಾರು ನಿಲ್ಲದೆ, ಸುಮಾರು 58 ಕಿ.ಮೀ. ವೇಗದಲ್ಲೇ ಹೋಗಿ ಬಡಿಯುತ್ತದೆ. ತಡವಿಲ್ಲದೆ ಬ್ರೇಕ್ ಬಿದ್ದಿದ್ದರೆ ಅದೇ ಕಾರು 29 ಮೀಟರ್‌ನಲ್ಲಿ ನಿಲ್ಲುತ್ತಿತ್ತು.

ತುರ್ತು ಬ್ರೇಕ್ ವ್ಯವಸ್ಥೆ ಕೆಲಸ ಮಾಡುವುದು ಈ ಒಂದೂವರೆ ಸೆಕೆಂಡಿನ ಒಳಗೆ. ಮುಂಬದಿಯ ರೇಡಾರ್ ದೂರವನ್ನೂ ಸಮೀಪಿಸುವ ವೇಗವನ್ನೂ ಅಳೆಯುತ್ತದೆ. ಗಾಜಿನ ಹಿಂದಿನ ಕ್ಯಾಮೆರಾ ಎದುರಿರುವುದು ಕಾರೋ, ಬೈಕೋ, ನಡೆದು ಹೋಗುವವರೋ ಎಂದು ಗುರುತಿಸುತ್ತದೆ. ವ್ಯವಸ್ಥೆಯು ಮೊದಲು ಸದ್ದು ಮಾಡಿ ಎಚ್ಚರಿಸುತ್ತದೆ, ಚಾಲಕ ಸ್ಪಂದಿಸದಿದ್ದರೆ ತಾನೇ ಬ್ರೇಕ್ ಹಾಕುತ್ತದೆ. ಸುಳ್ಳು ಬ್ರೇಕ್ ಹಾಕಿ ಹಿಂದಿನ ವಾಹನಕ್ಕೆ ಅಪಾಯ ತರಬಾರದೆಂದು ಅದು ಕೊನೆಯ ಗಳಿಗೆಯವರೆಗೂ ಕಾಯುವುದರಿಂದ, ಎಚ್ಚರಿಕೆಯ ಸದ್ದನ್ನು ಕೇಳಿದ ತಕ್ಷಣ ಚಾಲಕನೇ ಬ್ರೇಕ್ ಒತ್ತುವುದು ಹೆಚ್ಚು ಪ್ರಯೋಜನಕರ.

ಎಬಿಎಸ್ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಬಾಷ್ ಸಂಸ್ಥೆಯ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಬಂತು. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾಗಿದೆ. ಇದು ಯಾವಾಗಲೂ ಕಡಿಮೆ ದೂರದಲ್ಲಿ ನಿಲ್ಲಿಸುತ್ತದೆ ಎಂದು ಬರೆಯುವುದು ತಪ್ಪು, ಸಡಿಲ ಜಲ್ಲಿಯ ಮೇಲೆ ದೂರ ಹೆಚ್ಚಲೂಬಹುದು. ಇದರ ನಿಜವಾದ ಉಪಕಾರವೆಂದರೆ ಚಕ್ರ ಸಿಕ್ಕಿಕೊಳ್ಳದೆ ಉರುಳುತ್ತಲೇ ಇರುವುದರಿಂದ ಪೂರ್ಣ ಬ್ರೇಕಿನಲ್ಲೂ ಸ್ಟೀರಿಂಗ್ ಮಾತು ಕೇಳುತ್ತದೆ. ಅದು ಕೆಲಸ ಮಾಡುವಾಗ ಪೆಡಲ್ ಪಾದದಡಿ ದಡದಡನೆ ನಡುಗುತ್ತದೆ. ಹೊಸಬರು ಹೆದರಿ ಕಾಲೆತ್ತುತ್ತಾರೆ, ಎತ್ತಬಾರದು. ಒತ್ತಿಯೇ ಹಿಡಿದು ಸ್ಟೀರಿಂಗ್ ತಿರುಗಿಸಬೇಕು. ಮಳೆಯಾದ ಮೇಲೆ ಎರೆ ಹೊಲದಿಂದ ಟ್ರ್ಯಾಕ್ಟರುಗಳು ಡಾಂಬರಿಗೆ ತಂದ ಮಣ್ಣಿನ ಮೇಲೆ ಕಾರು ಅಡ್ಡಡ್ಡ ಜಾರಿದಾಗ ನೆರವಿಗೆ ಬರುವುದು ಇಎಸ್‌ಸಿ: ಸ್ಟೀರಿಂಗ್ ತೋರಿಸುವ ದಿಕ್ಕಿಗೂ ಕಾರು ಹೋಗುವ ದಿಕ್ಕಿಗೂ ಅಂತರ ಕಂಡರೆ ಬೇಕಾದ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ.

ನಮ್ಮ ಭಾಗದ ಕಲಿಯುವವರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಹುಮನಾಬಾದ್–ಕಲಬುರಗಿ ದಾರಿಯಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರೊಂದು ಕೆಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಕತ್ತಲಲ್ಲಿ ನಿಂತಿರುವುದನ್ನು ಊಹಿಸಿಕೊಳ್ಳಿ. ಹಿಂಬದಿ ದೀಪವಿಲ್ಲ, ರಿಫ್ಲೆಕ್ಟರನ್ನು ಕಬ್ಬಿನ ಗರಿ ಮುಚ್ಚಿದೆ. ಸೇತುವೆ, ಫಲಕಗಳಿಂದಲೂ ಪ್ರತಿಫಲನ ಬರುವುದರಿಂದ ಹಲವು ರೇಡಾರ್ ವ್ಯವಸ್ಥೆಗಳು ನಿಂತ ವಸ್ತುಗಳನ್ನು ಎಣಿಕೆಯಿಂದ ಬಿಡುತ್ತವೆ. ಜೋತುಬಿದ್ದ ಗರಿಯ ರಾಶಿ ಕ್ಯಾಮೆರಾಕ್ಕೆ ವಾಹನದ ಹಿಂಬದಿಯಂತೆ ಕಾಣದಿರಬಹುದು. ಇಂಥ ಕಡೆ ಉಪಕರಣ ಮೌನವಾಗಿರುವುದರಿಂದ ರಸ್ತೆ ಖಾಲಿಯಿದೆ ಎಂದು ತಿಳಿಯಬಾರದು. ಡಿಮ್ ಬೆಳಕು ತಲುಪುವಷ್ಟು ದೂರದೊಳಗೆ ನಿಲ್ಲಿಸಬಲ್ಲ ವೇಗವೇ ಸರಿಯಾದ ವೇಗ. ಗಂಟೆಗೆ 40 ಕಿ.ಮೀ.ನಲ್ಲಿ, ಮೇಲಿನ ಲೆಕ್ಕದಂತೆಯೇ, ಚಾಲಕನ ತಡವೂ ಸೇರಿ ಸುಮಾರು 26 ಮೀಟರ್ ಸಾಕು.

ಒಂದು ಸಣ್ಣ ವಿಷಯ: ಬಂಪರ್ ಮೇಲೆ ಎರೆ ಮಣ್ಣು ಒಣಗಿ ಕೂತರೆ ರೇಡಾರ್ ಮಸುಕಾಗಿ, ಡ್ಯಾಶ್‌ಬೋರ್ಡಿನಲ್ಲಿ ಸೆನ್ಸರ್ ಮುಚ್ಚಿದೆ ಎಂಬ ಸೂಚನೆ ಬರಬಹುದು. ಆಗ ಅದನ್ನೂ ಕ್ಯಾಮೆರಾದ ಮುಂದಿನ ಗಾಜನ್ನೂ ಒದ್ದೆ ಬಟ್ಟೆಯಿಂದ ಒರೆಸಿಯೇ ಹೊರಡಬೇಕು.