ಗಾಜಿನ ಆಚೆಗಿನ ಕೋರ್ಟು

ಕ್ಯೂಬಾದಲ್ಲಿರುವ ಅಮೆರಿಕದ ಸೇನಾ ನೆಲೆ ಗ್ವಾಂಟನಾಮೊದ ಮಿಲಿಟರಿ ಕೋರ್ಟಿನಲ್ಲಿ ವಿಚಾರಣೆ ನೋಡಲು ಬಂದವರು ಗಾಜಿನ ಹಿಂದೆ ಕೂರಬೇಕು. ಒಳಗಿನ ಮಾತು ಕೇಳಿಸುವುದು 40 ಸೆಕೆಂಡು ತಡವಾಗಿ. ವಕೀಲರು ಮಾತು ಮುಗಿಸಿ ಕೂತಾದ ಮೇಲೆ ಅವರ ದನಿ ಬರುತ್ತದೆ. ಗುಟ್ಟಿನ ವಿಷಯ ಬಂದರೆ ಕೆಂಪು ದೀಪ ಹತ್ತಿ ದನಿಯೇ ನಿಲ್ಲುತ್ತದೆ. 2013ರ ಜನವರಿಯಲ್ಲಿ ಒಮ್ಮೆ ಹಾಗೆ ನಿಂತಿತು. ನಿಲ್ಲಿಸಿದ್ದು ನ್ಯಾಯಾಧೀಶರಲ್ಲ, ಕೋರ್ಟಿನ ಹೊರಗಿದ್ದ ಯಾರೋ. ಅಂಥ ಗುಂಡಿಯೊಂದು ಬೇರೆಯವರ ಕೈಯಲ್ಲಿದೆ ಅಂತ ನ್ಯಾಯಾಧೀಶರಿಗೇ ಗೊತ್ತಿರಲಿಲ್ಲ. ಅದೇ ವರ್ಷ ಇನ್ನೊಂದು ಸಂಗತಿ ಹೊರಬಿತ್ತು. ವಕೀಲರು ಕಕ್ಷಿದಾರರನ್ನು ಭೇಟಿಯಾಗುವ ಕೋಣೆಯಲ್ಲಿ ಹೊಗೆ ಪತ್ತೆ ಮಾಡುವ ಯಂತ್ರದಂತೆ ಕಾಣುತ್ತಿದ್ದದ್ದು ಮೈಕು! ಕದ್ದು ಕೇಳಿಲ್ಲ ಅಂದರು ಅಧಿಕಾರಿಗಳು. ಇರಬಹುದು. ಆದರೆ ಆಮೇಲೆ ಯಾವ ಕಕ್ಷಿದಾರ ವಕೀಲರ ಮುಂದೆ ಬಾಯಿ ಬಿಡುತ್ತಾನೆ?

ನಾನು ಕ್ರಿಮಿನಲ್ ವಕೀಲ. ತಪ್ಪೊಪ್ಪಿಗೆಯ ಹೇಳಿಕೆ ಕೈಗೆ ಬಂದಾಗ ಅದರಲ್ಲಿ ಏನಿದೆ ಅಂತ ಮೊದಲು ನೋಡುವುದಿಲ್ಲ. ಎಲ್ಲಿ ಬರೆಸಿಕೊಂಡರು, ಹಿಡಿದ ಎಷ್ಟು ದಿನಕ್ಕೆ, ಅದಕ್ಕೂ ಮುಂಚೆ ಅವನಿಗೆ ಏನು ಮಾಡಿದ್ದರು, ಇದನ್ನು ನೋಡುತ್ತೇನೆ. ಗ್ವಾಂಟನಾಮೊದ ಕೈದಿ ಅಲ್ ನಶೀರಿಯ ಕೇಸನ್ನೇ ತಗೊಳ್ಳಿ. 2000ದ ಅಕ್ಟೋಬರ್‌ನಲ್ಲಿ ಅಮೆರಿಕದ ಯುದ್ಧನೌಕೆ ಯುಎಸ್‌ಎಸ್ ಕೋಲ್ ಮೇಲೆ ಬಾಂಬ್ ದಾಳಿ ಮಾಡಿಸಿ 17 ನಾವಿಕರನ್ನು ಕೊಂದ ಆರೋಪ ಅವನ ಮೇಲಿದೆ. ಹಿಡಿದದ್ದು 2002ರಲ್ಲಿ. ನಾಲ್ಕು ವರ್ಷ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ತನ್ನ ಗುಪ್ತ ಜೈಲುಗಳಲ್ಲಿ ಇಟ್ಟುಕೊಂಡಿತು. ಉಸಿರುಗಟ್ಟುವಂತೆ ಮುಖಕ್ಕೆ ನೀರು ಸುರಿದರು. ಮೈಯ ಹತ್ತಿರ ಡ್ರಿಲ್ ಯಂತ್ರ ಓಡಿಸಿ ಹೆದರಿಸಿದರು. ಆಮೇಲೆ, 2007ರಲ್ಲಿ, ಬೇರೆ ಅಧಿಕಾರಿಗಳು ಬಂದು ಮರ್ಯಾದೆಯಿಂದ ಪ್ರಶ್ನೆ ಕೇಳಿದರು. ಅವನು ಉತ್ತರ ಕೊಟ್ಟ. ಅದು ಸ್ವಂತ ಇಚ್ಛೆಯ ಹೇಳಿಕೆ ಅಂತ ಸರ್ಕಾರದ ವಾದ.

ಉತ್ತರ ಕೊಡದಿದ್ದರೆ ಏನಾಗುತ್ತದೆ ಅಂತ ನಾಲ್ಕು ವರ್ಷ ಕಲಿತವನಿಗೆ ಇಚ್ಛೆ ಎಲ್ಲಿ ಉಳಿದಿರುತ್ತದೆ? 2023ರ ಆಗಸ್ಟ್‌ನಲ್ಲಿ ಮಿಲಿಟರಿ ನ್ಯಾಯಾಧೀಶರೇ ಆ ಹೇಳಿಕೆಯನ್ನು ತಳ್ಳಿಹಾಕಿದರು. ಅದನ್ನು ಹೇಳಲು 16 ವರ್ಷ ಬೇಕಾಯಿತು.

ಈ ಕೋರ್ಟುಗಳ ಬುಡವೇ ಓರೆ. ಇಲ್ಲಿ ನ್ಯಾಯಾಧೀಶರೂ ತೀರ್ಪುಗಾರರೂ ಸೇನೆಯವರು. ಇನ್ನೊಂದು ಮಾತು ಜನರಿಗೆ ಜಾಸ್ತಿ ಗೊತ್ತಿಲ್ಲ: ಇಲ್ಲಿ ವಿದೇಶಿಯರನ್ನು ಮಾತ್ರ ವಿಚಾರಣೆ ಮಾಡಬಹುದು. ಅಮೆರಿಕದ ಪ್ರಜೆ ಅದೇ ಅಪರಾಧ ಮಾಡಿದರೆ ಮಾಮೂಲಿ ಕೋರ್ಟು. ಕೋರ್ಟಿನ ಮುಂದೆ ಎಲ್ಲರೂ ಸಮಾನ ಅನ್ನುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಅಮೆರಿಕವೂ ಸಹಿ ಹಾಕಿದೆ, ಅಲ್ವಾ? ಅಧ್ಯಕ್ಷ ಬುಷ್ ಆದೇಶದಿಂದ ಹುಟ್ಟಿದ ಮೊದಲ ವ್ಯವಸ್ಥೆ, ಯುದ್ಧದಲ್ಲಿ ಸೆರೆ ಸಿಕ್ಕವರನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನುವ ಜಿನೀವಾ ಒಪ್ಪಂದಕ್ಕೆ ವಿರುದ್ಧ ಅಂತ 2006ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೇಳಿತು. ಸಂಸತ್ತು ಅದೇ ವರ್ಷ ಹೊಸ ಕಾನೂನು ಮಾಡಿ ಈ ಕೋರ್ಟುಗಳಿಗೆ ಮತ್ತೆ ಜೀವ ಕೊಟ್ಟಿತು.

ಭಯೋತ್ಪಾದಕರಿಗೆ ಮಾಮೂಲಿ ಕೋರ್ಟು ಸಾಲದು ಅನ್ನುವವರು ದಾಖಲೆ ನೋಡಲಿ. 1993ರಲ್ಲಿ ವರ್ಲ್ಡ್ ಟ್ರೇಡ್ ಸೆಂಟರ್‌ಗೆ ಬಾಂಬಿಟ್ಟ ರಮ್ಜಿ ಯೂಸುಫ್, ಶೂನಲ್ಲಿ ಬಾಂಬು ಇಟ್ಟುಕೊಂಡು ವಿಮಾನ ಹತ್ತಿದ ರಿಚರ್ಡ್ ರೀಡ್, ಇಬ್ಬರಿಗೂ ಜೀವಾವಧಿ ಕೊಟ್ಟದ್ದು ಮಾಮೂಲಿ ಕೋರ್ಟುಗಳೇ. ಸೆಪ್ಟೆಂಬರ್ 11ರ ದಾಳಿಯ ಆರೋಪಿಗಳನ್ನು 2012ರಲ್ಲಿ ಮಿಲಿಟರಿ ಕೋರ್ಟಿನ ಮುಂದೆ ನಿಲ್ಲಿಸಿದರು. 2024ರ ಜುಲೈ 31ರಂದು ಅವರಲ್ಲಿ ಮೂವರು ತಪ್ಪೊಪ್ಪಿಕೊಳ್ಳುವ ಒಪ್ಪಂದ ಆಗಿದೆ ಅಂತ ಪ್ರಕಟವಾಯಿತು. ಎರಡೇ ದಿನದಲ್ಲಿ ರಕ್ಷಣಾ ಸಚಿವರು ಅದನ್ನು ರದ್ದು ಮಾಡಿದರು. 2025ರಲ್ಲಿ ಮೇಲ್ಮನವಿ ಕೋರ್ಟು ಸಚಿವರ ಪರ ನಿಂತಿತು. ಸತ್ತವರ ತಂದೆ ತಾಯಂದಿರಲ್ಲಿ ಕೆಲವರು ಆ ಗಾಜಿನ ಹಿಂದೆ ಬಂದು ಕೂತು ಹೋಗಿದ್ದಾರೆ. ತೀರ್ಪು ಕೇಳದೆಯೇ ಕಣ್ಣು ಮುಚ್ಚಿದವರೂ ಇದ್ದಾರೆ.